ಎಲ್ಬೋದಲ್ಲಿ ತೂತು

ಶಿಕಾರಿಪುರದ ನಮ್ಮ ಬೀದಿಯಲ್ಲಿ ನೀರು ನಲ್ಲಿಯ ಬಾಯಿಂದ ಮಾತ್ರ ಬರುತ್ತದೆ. ಬೇರೆಲ್ಲಿಂದಾದರೂ ಒಂದು ಹನಿ ಬಂದರೆ ಮಹೇಶ್ವರಪ್ಪನವರು ಸ್ಪ್ಯಾನರ್ ಹಿಡಿದುಕೊಂಡು ಬರುತ್ತಾರೆ. ಅವರನ್ನು ಕರೆಯಬೇಕಾಗಿಲ್ಲ. ಬೇಡವೆಂದರೂ ಬರುತ್ತಾರೆ.

ಬಸ್ ಸ್ಟ್ಯಾಂಡಿನ ಹಿಂದೆ ಅವರದು ಪೈಪಿನ ಅಂಗಡಿ. ಹನಿ ನೀರಾವರಿ ಪೈಪು, ಪಂಪ್‌ಸೆಟ್ಟಿನ ಬಿಡಿಭಾಗ, ನಲ್ಲಿ, ಮೂರು ಬಾಯಿಯ ಟೀ, ಪೈಪನ್ನು ತಿರುಗಿಸುವ ಎಲ್ಬೋ ಎಲ್ಲ ಸಿಗುತ್ತವೆ. ಒಮ್ಮೆ ಯಾರೋ ಗಿರಾಕಿ ಬಾಯ್ತಪ್ಪಿ ಇಂಜಿನಿಯರ್ರೇ ಎಂದು ಕರೆದ. ಮಹೇಶ್ವರಪ್ಪನವರು ತಿದ್ದಲಿಲ್ಲ. ಅಂದಿನಿಂದ ಊರೂ ತಿದ್ದಲಿಲ್ಲ.

ಅವರ ಹೆಂಡತಿ ತುಂಗಮ್ಮನ ಶ್ವಾಸಕೋಶ ದಣಿದುಹೋಗಿತ್ತು. ಮದುವೆಯಾಗಿ ಬಂದಂದಿನಿಂದ ಊದಿದ ಒಲೆಯ ಹೊಗೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದರು. ಉಸಿರು ಒಳಗೆ ಹೋಗುತ್ತದೆ, ಆದರೆ ಪೂರ್ತಿ ಹೊರಗೆ ಬರುವುದಿಲ್ಲ. ಕೆಟ್ಟ ಗಾಳಿ ಒಳಗೇ ಉಳಿದು ರಕ್ತಕ್ಕೆ ಸೇರುತ್ತದೆ. ಅದಕ್ಕೆ ಅವರು ಒಂದು ಉಸಿರಾಟದ ಯಂತ್ರ ಬರೆದುಕೊಟ್ಟರು. ಗಂಟಲಿಗೆ ಕೊಳವೆ ಹಾಕುವಂಥದ್ದಲ್ಲ, ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು ಮಲಗುವಂಥದ್ದು. ರಾತ್ರಿ ಹಾಕಿಕೊಳ್ಳಬೇಕು, ಮಧ್ಯಾಹ್ನ ಊಟವಾದ ಮೇಲೂ ಒಂದಿಷ್ಟು ಹೊತ್ತು ಹಾಕಿಕೊಳ್ಳಬೇಕು.

“ಮನೇಲೇ ಐಸಿಯು ಮಾಡೀವಿ,” ಎಂದು ಮಹೇಶ್ವರಪ್ಪನವರು ಬೀದಿಗೆಲ್ಲ ಹೇಳಿದರು. “ಡಾಕ್ಟ್ರು ಆಪರೇಟರ್ ಯಾರು ಅಂದ್ರು. ನಾನಿದೀನಲ್ರೀ ಅಂದೆ. ಸುಮ್ನಾದ್ರು.”

ಯಂತ್ರ ಕೂರಿಸಲು ಶರತ್ ಎಂಬ ಹುಡುಗ ಬಂದ. ಯಂತ್ರ ಮಾರುವವರ ಕಡೆಯಿಂದ ಸೊರಬ, ಶಿಕಾರಿಪುರ ತಾಲೂಕುಗಳಲ್ಲಿ ಬೈಕ್ ಮೇಲೆ ಓಡಾಡಿ ಇಂಥ ಯಂತ್ರಗಳನ್ನು ಕೂರಿಸಿ, ಪರೀಕ್ಷಿಸುವುದು ಅವನ ಕೆಲಸ. ಅವನನ್ನು ನೋಡಲು ಪಕ್ಕದ ಮನೆಯ ಭೀಮಣ್ಣನೂ ಬಂದರು. ಭೀಮಣ್ಣ ರಿಟೈರಾದ ಲೈನ್‌ಮನ್. ಮಹೇಶ್ವರಪ್ಪನವರ ಮನೆಯಲ್ಲಿ ಏನು ನಡೆದರೂ ತಾವಿಲ್ಲದೆ ನಡೆಯಬಾರದು ಎಂಬುದು ಅವರ ನಿಲುವು.

“ಇದು ಎರಡು ಒತ್ತಡದ ಮಷೀನು ಸರ್,” ಎಂದ ಶರತ್. “ಅಮ್ಮ ಉಸಿರು ಎಳ್ಕೊಳ್ಳೋದು ಇದಕ್ಕೆ ಗೊತ್ತಾಗತ್ತೆ. ಆವಾಗ ಹದಿನಾಲ್ಕರಲ್ಲಿ ಗಾಳಿ ತಳ್ಳತ್ತೆ. ಉಸಿರು ಬಿಡೋವಾಗ ಆರಕ್ಕೆ ಇಳಿಯತ್ತೆ.”

“ಹದಿನಾಲ್ಕು ಏನು?”

“ಸೆಂಟಿಮೀಟರ್ ನೀರು.”

ಮಹೇಶ್ವರಪ್ಪನವರು ತಮ್ಮ ಅಂಗೈ ಬಿಡಿಸಿ ನೋಡಿಕೊಂಡರು. “ಒಂದು ಗೇಣೂ ಆಗಲ್ಲ. ನಮ್ಮ ಅಂಗಡಿ ಮೋಟ್ರು ಮುನ್ನೂರು ಅಡಿ ಎತ್ತತೈತಿ.”

“ನೀರು ಎತ್ತೋಕಲ್ಲ ಸರ್, ಅದು ಅಳತೆ. ಈ ಪೈಪನ್ನ ನೀರಲ್ಲಿ ಅಷ್ಟು ಆಳ ಮುಳುಗಿಸಿದ್ರೆ ಗುಳ್ಳೆ ಬರಬೇಕಲ್ಲ, ಅಷ್ಟು ಒತ್ತಡ. ಮನುಷ್ಯರ ಲಂಗ್ಸಿಗೆ ಇಷ್ಟೇ ಸಾಕು.”

“ನಿಮ್ಮ ಕಡೆ ಸಾಕಾಗಬಹುದು,” ಎಂದರು ಮಹೇಶ್ವರಪ್ಪನವರು.

“ಇದು ಲಂಗ್ಸು,” ಎಂದು ಶರತ್ ಚೀಲದಿಂದ ಕಪ್ಪು ರಬ್ಬರಿನ ಒಂದು ಬುರುಡೆ ತೆಗೆದು ಪೈಪಿಗೆ ಸಿಕ್ಕಿಸಿದ. ನಡುವೆ ಒಂದು ಮೀಟರ್ ಇಟ್ಟ. ಯಂತ್ರ ಹಾಕಿದೊಡನೆ ಬುರುಡೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಯಂತ್ರದ ಪರದೆಯಲ್ಲಿ ಕಂಡ ಅಂಕಿಯೇ ಮೀಟರಿನಲ್ಲೂ ಕಾಣುತ್ತಿದೆಯೇ ಎಂದು ಅವನು ನೋಡಿದ.

“ಇದು ಯಾರ್ದು?” ಎಂದರು ಭೀಮಣ್ಣ ದನಿ ತಗ್ಗಿಸಿ.

“ಯಾರ್ದೂ ಅಲ್ಲ ಸರ್. ರಬ್ಬರು. ರೋಗಿ ಬದಲಿಗೆ ಇದಕ್ಕೆ ಉಸಿರು ಕೊಟ್ಟು ಟೆಸ್ಟ್ ಮಾಡ್ತೀವಿ.”

ಭೀಮಣ್ಣನಿಗೆ ಸ್ವಲ್ಪ ನಿರಾಸೆಯಾಯಿತು. ಆದರೂ ಬುರುಡೆಯನ್ನು ಹಿಚುಕಿ ನೋಡತೊಡಗಿದರು.

ಆಮೇಲೆ ಶರತ್ ಮಾಸ್ಕನ್ನು ಕೈಗೆತ್ತಿಕೊಂಡ. ಅದೇ ಹೊತ್ತಿಗೆ ಮಹೇಶ್ವರಪ್ಪನವರ ಫೋನು ಹೊಡೆದುಕೊಂಡಿತು. ಈಸೂರಿನಿಂದ ಅವರ ತಂಗಿಯ ಮಗ ತೀರ್ಥೇಶ ಯಂತ್ರ ಬಂತೇ ಎಂದು ವಿಚಾರಿಸುತ್ತಿದ್ದ. ಅವರು ಜಗಲಿಗೆ ಹೋಗಿ ಐಸಿಯು ವಿವರ ಕೊಡತೊಡಗಿದರು. ತುಂಗಮ್ಮ ಶರತ್‌ಗೆ ಕಾಫಿ ಇಡಲು ಒಳಗೆ ಹೋಗಿದ್ದರು. ಕೋಣೆಯಲ್ಲಿ ಉಳಿದವರು ಭೀಮಣ್ಣ ಮತ್ತು ರಬ್ಬರಿನ ಬುರುಡೆ. ಇವರಿಬ್ಬರಿಗೆ ಶರತ್ ಹೀಗೆ ಹೇಳಿದ:

“ಈ ತಿರುವಿನಲ್ಲಿ ಸಣ್ಣ ಸಣ್ಣ ತೂತು ಇದಾವೆ ನೋಡಿ. ಬಿಟ್ಟ ಉಸಿರು ಹೊರಗೆ ಹೋಗೋ ದಾರಿ ಇದೇ. ಇದನ್ನ ಮುಚ್ಚಬಾರ್ದು. ಮುಚ್ಚಿದ್ರೆ ಅಮ್ಮ ತಾನು ಬಿಟ್ಟ ಗಾಳೀನೇ ತಿರುಗಿ ಎಳ್ಕೋತಾರೆ, ಮಂಪರು ಹತ್ತತ್ತೆ, ಎಚ್ಚರ ತಪ್ಪತ್ತೆ. ಜೀವಕ್ಕೇ ಅಪಾಯ.”

“ಆಯ್ತಾಯ್ತು,” ಎಂದರು ಭೀಮಣ್ಣ. “ಗೊರಕೆಗೂ ಇದು ಆಗ್ತೈತೇನು? ನಂಬರ್ ಕೊಡ್ರಿ, ಒಂದು ಮಿಸ್ಡ್ ಕಾಲ್ ಕೊಡ್ತೀನಿ.”

ಮಹೇಶ್ವರಪ್ಪನವರು ಒಳಗೆ ಬಂದಾಗ ಶರತ್ ಮತ್ತೊಮ್ಮೆ ಶುರು ಮಾಡಿದ. “ಸರ್, ಈ ಎಲ್ಬೋ—”

“ಎಲ್ಬೋ ಬಗ್ಗೆ ನನಗೆ ಹೇಳ್ತೀಯೇನಪ್ಪ,” ಎಂದು ನಗುತ್ತಾ ಅವರು ಅವನ ಬೆನ್ನು ತಟ್ಟಿದರು. ಮಾತು ಅಲ್ಲಿಗೆ ಮುಗಿಯಿತು.

ಕೆಲವು ದಿನ ಎಲ್ಲವೂ ಸರಿಯಾಗಿತ್ತು. ತುಂಗಮ್ಮನ ಮುಖ ತಿಳಿಯಾಯಿತು. ಬಾಗಿಲವರೆಗೆ ಬಂದು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಉಸಿರು ಬಂತು. ಮಾಸ್ಕಿನಿಂದ ಮಾತ್ರ ಸದಾ ಸುಯ್ಯೆಂಬ ಸದ್ದು ಬರುತ್ತಿತ್ತು. ಮಹೇಶ್ವರಪ್ಪನವರು ಅದನ್ನು ಕೇಳಿದರು. ಕೇಳಿಸದಂತೆ ಇರಲು ಪ್ರಯತ್ನಪಟ್ಟರು. ಪೈಪಿನ ಅಂಗಡಿಯವರಿಗೆ ಅದು ಸುಲಭವಲ್ಲ.

ಅಕ್ಕನನ್ನು ನೋಡಲು ಸೊರಬದಿಂದ ತುಂಗಮ್ಮನ ತಂಗಿ ಯಮುನಮ್ಮ ಬಂದರು. ಈಸೂರಿನಿಂದ ತೀರ್ಥೇಶನೂ ಬಂದ. ಭೀಮಣ್ಣ ಇದ್ದೇ ಇದ್ದರು. ಮಾಸ್ಕ್ ಹಾಕಿಕೊಂಡು ಮಲಗಿದ್ದ ತುಂಗಮ್ಮನ ಮಂಚದ ಸುತ್ತ ಎಲ್ಲರೂ ನಿಂತು ಯಂತ್ರ ನೋಡಿದರು. ಮಹೇಶ್ವರಪ್ಪನವರು ಒತ್ತಡ, ಗೇಣು, ಸೆಂಟಿಮೀಟರು ಎಲ್ಲ ವಿವರಿಸಿದರು. ಯಮುನಮ್ಮ ಬಾಯಿ ಬಿಟ್ಟುಕೊಂಡು ಕೇಳಿದರು. ಆಗ ಭೀಮಣ್ಣ ಮಾಸ್ಕಿನ ಹತ್ತಿರ ಕೈ ಹಿಡಿದರು.

“ಇಂಜಿನಿಯರ್ರೇ,” ಎಂದರು. “ನಿಮ್ಮ ಮನೇಲೇ ಲೀಕೇಜ್ ಐತಲ್ರೀ.”

ಸುಯ್ ಎಂಬ ಸದ್ದು ಮಾತ್ರ ಕೇಳುತ್ತಿತ್ತು. ತೀರ್ಥೇಶ ಮಾವನ ಮುಖ ನೋಡದೆ ಗೋಡೆ ನೋಡಿದ.

ಮರುದಿನ ಬೆಳಿಗ್ಗೆ ತುಂಗಮ್ಮ ಸ್ನಾನಕ್ಕೆ ಹೋದಾಗ ಮಹೇಶ್ವರಪ್ಪನವರು ಮಾಸ್ಕನ್ನು ಹಿತ್ತಿಲಿಗೆ ಒಯ್ದರು. ಪಂಕ್ಚರ್ ಅಂಗಡಿಯಲ್ಲಿ ಮಾಡುವಂತೆ ಸೋಪಿನ ನೊರೆ ಬಳಿದು ಪೈಪಿನಿಂದ ಗಾಳಿ ಬಿಟ್ಟರು. ತಿರುವಿನಲ್ಲಿ ಸಾಲಾಗಿ ಗುಳ್ಳೆ ಎದ್ದವು. ಕನ್ನಡಕ ಹಾಕಿಕೊಂಡು ನೋಡಿದರು. ಎಲ್ಬೋದಲ್ಲಿ ತೂತು. ಒಂದಲ್ಲ, ಸುತ್ತಲೂ ತೂತು. ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಮಾಲನ್ನು ಅವರು ನೋಡಿರಲಿಲ್ಲ.

“ಡಿಫೆಕ್ಟ್ ಪೀಸು ತಳ್ಳಿ ಹೋಗ್ಯಾನೆ,” ಎಂದು ತೀರ್ಥೇಶನಿಗೆ ತೋರಿಸಿದರು. “ಶಿವಮೊಗ್ಗದವರಿಗೂ ಗೊತ್ತಾಗಿಲ್ಲ.”

ಅಂಗಡಿಯಿಂದ ಪೈಪಿನ ಅಂಟು ಬಂತು. ಒಂದೊಂದು ತೂತಿಗೂ ಕಡ್ಡಿಯಿಂದ ಅಂಟು ತುಂಬಿ, ಮೇಲೊಂದು ಪದರ ಬಳಿದು, ಬೆರಳಿನಿಂದ ನಯ ಮಾಡಿ, ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಟ್ಟರು. ಒಣಗಿದ ಮೇಲೆ ಮತ್ತೆ ನೊರೆ ಹಚ್ಚಿ ನೋಡಿದರು. ಒಂದೂ ಗುಳ್ಳೆಯಿಲ್ಲ. ಕೆಲಸವೇನೋ ಅಚ್ಚುಕಟ್ಟಾಗಿತ್ತು.

ಊಟವಾದ ಮೇಲೆ ತುಂಗಮ್ಮ ಮಲಗಿದರು. ಗಂಡ ಮಾಸ್ಕ್ ಹಾಕಿ ಯಂತ್ರದ ಗುಂಡಿ ಒತ್ತಿದರು. ಸದ್ದಿಲ್ಲ. ಪರದೆಯಲ್ಲಿ ಲೀಕ್ ಎಂಬಲ್ಲಿ ಸೊನ್ನೆ ಬಂತು. ಮಹೇಶ್ವರಪ್ಪನವರು ಅದರ ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಅವರು ಅದನ್ನು ಶರತ್‌ಗೂ ಕಳಿಸಿದರು: ‘ನಿಮ್ಮ ಎಲ್ಬೋದ ತೂತುಗಳನ್ನು ಮುಚ್ಚಿ ದೋಷ ಸರಿಪಡಿಸಲಾಗಿದೆ. ಲೀಕ್ ಸೊನ್ನೆ. ಮುಂದೆ ಗಮನವಿರಲಿ.’

ತುಂಗಮ್ಮ ಕೈ ಎತ್ತಿ ಮಾಸ್ಕಿನ ಮೇಲೆ ಬೆರಳಿಟ್ಟರು.

“ನೋಡು, ಚೆನ್ನಾಗೈತಿ ಅಂತಿದ್ದಾಳೆ,” ಎಂದು ಮಹೇಶ್ವರಪ್ಪನವರು ಆ ಕೈಯನ್ನು ಮೆಲ್ಲಗೆ ಹೊದಿಕೆಯೊಳಗಿಟ್ಟರು.

ಸ್ವಲ್ಪ ಹೊತ್ತಿಗೆ ತುಂಗಮ್ಮ ಮತ್ತೆ ಕೈ ಎತ್ತಿದರು. ಮಹೇಶ್ವರಪ್ಪನವರು ಅದನ್ನೂ ಒಳಗಿಟ್ಟರು. ಮೂರನೆಯ ಸಲ ಕೈ ಮೇಲೇಳಲಿಲ್ಲ.

“ನಿದ್ದೆ ಹತ್ತಿತು,” ಎಂದರು.

ಕಾಯಿಲೆಯವರು ನಿದ್ದೆ ಮಾಡಿದರೆ ನಮ್ಮಲ್ಲಿ ಅರ್ಧ ಗುಣವಾದಂತೆ. ನಿದ್ದೆ ಕೆಡಿಸಿದವರನ್ನು ವರ್ಷಗಟ್ಟಲೆ ನೆನಪಿಡುತ್ತಾರೆ. ಆದ್ದರಿಂದ ಮನೆಯಲ್ಲಿ ಕಟ್ಟುನಿಟ್ಟಿನ ವ್ಯವಸ್ಥೆಯಾಯಿತು. ಯಮುನಮ್ಮ ಒಲೆಯ ಮೇಲಿನ ಕುಕ್ಕರ್ ಇಳಿಸಿದರು. ತೀರ್ಥೇಶ ಬೀದಿಗೆ ಹೋಗಿ ಹಳೇ ಪೇಪರ್ ಕೊಳ್ಳುವವನನ್ನು ಆಚೆ ಬೀದಿಗೆ ಕಳಿಸಿದ. ಟಿವಿ ಆರಿತು. ಮೂವರೂ ತಮ್ಮ ಫೋನುಗಳನ್ನು ಸ್ವಿಚ್ ಆಫ್ ಮಾಡಿ ಗೂಡಿನಲ್ಲಿ ಸಾಲಾಗಿಟ್ಟರು. ಇನ್ನೊಂದು ಪಕ್ಕದ ನಮ್ಮ ಮನೆಗೂ ಬಂದು ಮಿಕ್ಸಿ ಹಾಕಬೇಡಿ ಎಂದು ಹೇಳಿ ಹೋದರು. ನಾವು ಹಾಕಲಿಲ್ಲ.

ಯಮುನಮ್ಮ ಒಮ್ಮೆ ಇಣುಕಿ ಬಂದರು. “ಮುಖ ಕೆಂಪಗೆ ಆಗ್ಯದೆ ಭಾವ,” ಎಂದು ಪಿಸುಗುಟ್ಟಿದರು. “ಎಷ್ಟು ದಿನದಿಂದ ರಕ್ತವೇ ಇರ್ಲಿಲ್ಲ ಮಾರಾಯ್ರೆ.”

“ಗಾಳಿ ಪೋಲಾಗ್ತಿಲ್ಲ ನೋಡು. ಎಲ್ಲಾ ಒಳಗೇ ಹೋಗ್ತೈತಿ.”

“ಹಣೆ ಮೇಲೆ ಬೆವರೂ ಬಂದದೆ.”

“ಬೆವರು ಬಂದ್ರೆ ಒಳ್ಳೇದು. ಕಾಯಿಲೆ ಬಿಡ್ತೈತಿ.”

ತುಂಗಮ್ಮ ಅಲುಗಾಡಲಿಲ್ಲ.

ಆ ಹೊತ್ತಿಗೆ ಶರತ್ ಸೊರಬದ ಒಂದು ಮನೆಯಲ್ಲಿ ಬೇರೊಂದು ಯಂತ್ರ ಪರೀಕ್ಷಿಸುತ್ತಿದ್ದ. ರಬ್ಬರಿನ ಬುರುಡೆ ಕಳಚಿ ಚೀಲಕ್ಕೆ ಹಾಕಿ ಫೋನು ನೋಡಿದ. ಸೊನ್ನೆ ಕಂಡಿತು. ಬರಹ ಓದಿದ. ಮಹೇಶ್ವರಪ್ಪನವರಿಗೆ ಫೋನು ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಬೈಕ್ ಎಷ್ಟು ಓಡಿಸಿದರೂ ಮುಕ್ಕಾಲು ಗಂಟೆಯ ದಾರಿ. ಆಗ ಅವನಿಗೆ ಗೊರಕೆಯ ಮಿಸ್ಡ್ ಕಾಲ್ ನೆನಪಾಯಿತು.

“ಭೀಮಣ್ಣ ಸರ್, ಪಕ್ಕದ ಮನೆಗೆ ಓಡಿ. ಅಮ್ಮನ ಮಾಸ್ಕ್ ತೆಗೀರಿ. ತೂತು ಮುಚ್ಚಿಬಿಟ್ಟಿದಾರೆ. ಆವತ್ತು ನಿಮಗೆ ಹೇಳಿದ್ನಲ್ಲ.”

ಏನು ಹೇಳಿದ್ದ ಎಂದು ಭೀಮಣ್ಣನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅವರು ಬನಿಯನ್ ಮೇಲೇ ಓಡಿದರು. ಜಗಲಿಯಲ್ಲಿ ಮೂವರು ಕುಳಿತಿದ್ದರು.

“ಶ್,” ಎಂದರು ಮೂವರೂ.

ಅಷ್ಟು ಮೌನದ ಮನೆಯಲ್ಲಿ ಕೂಗಲು ಭೀಮಣ್ಣನಿಗೆ ಬಾಯಿ ಬರಲಿಲ್ಲ. ಅವರೂ ಪಿಸುಗುಟ್ಟಿದರು. “ಮಾಸ್ಕ್ ತೆಗೀಬೇಕಂತೆ.”

“ಯಾಕೆ?”

“ಲೀಕ್ ಬೇಕಂತೆ.”

ಮಹೇಶ್ವರಪ್ಪನವರು ಸದ್ದಿಲ್ಲದೆ ನಕ್ಕರು. “ನಿನ್ನೆ ಲೀಕ್ ಐತಿ ಅಂದೆ. ಇವತ್ತು ಲೀಕ್ ಬೇಕು ಅಂತೀಯ. ಹೊಟ್ಟೆಯುರಿಗೆ ಒಂದು ಮಿತಿ ಬೇಡವಾ ಭೀಮ?”

“ನಾನಲ್ಲ ಮಾರಾಯ, ಆ ಹುಡುಗ ಹೇಳಿದ. ಎಚ್ಚರ ತಪ್ಪತೈತಂತೆ.”

“ತಪ್ಪಿನ ಮಾಲು ಕೊಟ್ಟಿದ್ದು ಊರಿಗೆ ಗೊತ್ತಾಗ್ತೈತಿ ಅಂತ ಅವನಿಗೆ ಭಯ.”

“ನೀನು ಮೊದ್ಲು ಅವಳನ್ನ ಎಬ್ಬಿಸು.”

“ನಿದ್ದೆ ಮಾಡೋರನ್ನ ಎಬ್ಬಿಸ್ತಾರೇನ್ರೀ,” ಎಂದು ಯಮುನಮ್ಮ ಪಿಸುದನಿಯಲ್ಲೇ ಗದರಿದರು. “ಎಂತ ಅರ್ಜೆಂಟು ನಿಮಗೆ? ಇವತ್ತು ಕಣ್ಣು ಮುಚ್ಚಿದಾಳೆ ನಮ್ಮಕ್ಕ.”

ಭೀಮಣ್ಣ ಬಾಗಿಲಿಗೆ ನುಗ್ಗಿದರು. ತೀರ್ಥೇಶ ಅಡ್ಡ ನಿಂತ. ಅವನ ಮೈಕಟ್ಟಿಗೆ ಆ ಬಾಗಿಲು ಸರಿಹೋಗುತ್ತಿತ್ತು. ಇಬ್ಬರೂ ಹೊಸ್ತಿಲಲ್ಲಿ ಚೂರೂ ಸದ್ದಾಗದಂತೆ ತಳ್ಳಾಡಿದರು. ಭೀಮಣ್ಣ ಫೋನನ್ನು ಸ್ಪೀಕರಿಗೆ ಹಾಕಿ ಮುಂದೆ ಹಿಡಿದರು. ಶರತ್ ರಸ್ತೆ ಬದಿಯಲ್ಲಿ ನಿಂತು ಕಿರುಚುತ್ತಿದ್ದ. “ತೆಗೀರಿ ಸರ್, ಮೊದ್ಲು ತೆ—” ಮಹೇಶ್ವರಪ್ಪನವರು ಹೆಗಲ ಟವೆಲ್ ತೆಗೆದು ಫೋನಿನ ಮೇಲೆ ಒತ್ತಿ ಹಿಡಿದರು. ಹೆಂಡತಿಗೆ ಎಚ್ಚರವಾಗಬಾರದು.

ಟವೆಲ್ಲಿನೊಳಗೆ ಶರತ್ ಇನ್ನೂ ಏನೋ ಹೇಳುತ್ತಿದ್ದ.

ಭೀಮಣ್ಣನ ಕಣ್ಣಲ್ಲಿ ನೀರು ಬಂದಿತ್ತು. “ಹಂಗಾದ್ರೆ ನೀನೇ ಹಾಕ್ಕೊಂಡು ತೋರಿಸು,” ಎಂದರು. “ಅಷ್ಟು ಚೆನ್ನಾಗಿದ್ರೆ ನಿನ್ನ ಮುಖಕ್ಕೇ ಹಾಕ್ಕೋ. ನಾನು ಮುಂದೆ ನಿಮ್ಮನೆ ಬಾಗಿಲಿಗೆ ಬರಲ್ಲ.”

ಕೊನೆಯ ಮಾತು ಮಹೇಶ್ವರಪ್ಪನವರಿಗೆ ಹಿಡಿಸಿತು.

ನಾಲ್ವರೂ ಕಾಲ್ಬೆರಳ ತುದಿಯಲ್ಲಿ ಕೋಣೆಗೆ ನಡೆದರು. ಮಹೇಶ್ವರಪ್ಪನವರು ತುಂಗಮ್ಮನ ತಲೆ ಎತ್ತಿ ಪಟ್ಟಿ ಬಿಚ್ಚಿ ಮಾಸ್ಕ್ ತೆಗೆದರು. ತಲೆ ಅವರ ಕೈಯಿಂದ ದಿಂಬಿಗೆ ಹಾಗೇ ಬಿತ್ತು.

“ಎಷ್ಟು ಒಳ್ಳೆ ನಿದ್ದೆ ನೋಡಿ,” ಎಂದರು ಯಮುನಮ್ಮ.

ಮಹೇಶ್ವರಪ್ಪನವರು ಮಾಸ್ಕನ್ನು ತಮ್ಮ ಮುಖಕ್ಕೆ ಕಟ್ಟಿಕೊಂಡು ಮಂಚದ ಪಕ್ಕ ನಿಂತರು. ಯಂತ್ರ ಗಾಳಿ ತಳ್ಳಿತು. ಅವರ ಎದೆ ಉಬ್ಬಿತು. ಹೆಬ್ಬೆರಳು ಎತ್ತಿ ತೋರಿಸಿದರು. ಉಸಿರು ಬಿಟ್ಟರು. ಬಿಟ್ಟ ಉಸಿರು ಪೈಪಿನೊಳಕ್ಕೆ ಹೋಗಿ, ಅಲ್ಲೇ ಕಾದು, ಮುಂದಿನ ಸಲ ತಿರುಗಿ ಬಂತು. ಬಿಸಿಯಾಗಿತ್ತು. ಮಧ್ಯಾಹ್ನದ ಸಾರಿನ ವಾಸನೆಯಿತ್ತು. ಅವರು ಮತ್ತೆ ಹೆಬ್ಬೆರಳು ಎತ್ತಿದರು.

“ಹೆಂಗೈತಿ?” ಎಂದರು ಭೀಮಣ್ಣ.

ಹೆಬ್ಬೆರಳು.

ಅವರ ಉಸಿರು ಚುರುಕಾಯಿತು. ಕಿವಿ ಕೆಂಪಾಯಿತು. ಹಣೆಯ ಮೇಲೆ ಬೆವರು ಮೂಡಿತು. ಕಣ್ಣು ಭೀಮಣ್ಣನ ಮೇಲೇ ಇತ್ತು. ಈ ಮನುಷ್ಯನ ಎದುರು ಅವರು ಸೋಲುವವರಲ್ಲ. ಹೆಬ್ಬೆರಳು ಇನ್ನೊಮ್ಮೆ ಎದ್ದಿತು, ನಡುವೆ ನಿಂತಿತು, ಇಳಿಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ತುಂಗಮ್ಮನನ್ನು ಯಾರೂ ನೋಡುತ್ತಿರಲಿಲ್ಲ.

ಮಹೇಶ್ವರಪ್ಪನವರು ಕೈ ಎತ್ತಿ ಮಾಸ್ಕಿನ ಮೇಲೆ ಬೆರಳಿಟ್ಟರು.

“ಚೆನ್ನಾಗದೆ ಅಂತಿದಾರೆ,” ಎಂದರು ಯಮುನಮ್ಮ.

ಅವರ ಬೆರಳು ಅಲ್ಲೇ ನಿಂತಿತು. ಕಣ್ಣು ನಿಧಾನವಾಗಿ ಮಂಚದ ಕಡೆ ತಿರುಗಿತು.

ಮಾಸ್ಕ್ ಪಟ್ಟಿಸಮೇತ ಕಿತ್ತುಬಂದು ನೆಲಕ್ಕೆ ಬಿತ್ತು. “ತುಂಗಾ,” ಎಂದು ಅವರು ಕೂಗಿದ್ದು ನಮ್ಮ ಮನೆಗೆ ಕೇಳಿಸಿತು. ಅದರಾಚೆಯ ಮನೆಗೂ ಕೇಳಿಸಿತು. ತುಂಗಮ್ಮನಿಗೆ ಕೇಳಿಸಲಿಲ್ಲ.

ಆಮೇಲೆ ಯಾರೂ ಪಿಸುಗುಟ್ಟಲಿಲ್ಲ. ಯಮುನಮ್ಮ ಅಕ್ಕನ ಕೆನ್ನೆಗೆ ಹೊಡೆಯುತ್ತಾ ಹೆಸರು ಕೂಗಿದರು. ತೀರ್ಥೇಶ ಅತ್ತೆಯನ್ನು ಎತ್ತಿ ಕೂರಿಸಿದ. ಬೀದಿಯಲ್ಲಿ ನಿಂತಿದ್ದ ಪೈಪಿನ ಅಂಗಡಿಯ ಗೂಡ್ಸ್ ಆಟೋವನ್ನು ಭೀಮಣ್ಣ ಬಾಗಿಲಿಗೆ ತಂದರು. ಅದರಲ್ಲಿದ್ದ ಪೈಪುಗಳನ್ನು ಇಳಿಸಲು ಯಾರಿಗೂ ಹೊಳೆಯಲಿಲ್ಲ. ಅವುಗಳ ನಡುವೆ ಹಾಸಿಗೆ ಹಾಕಿ ತುಂಗಮ್ಮನನ್ನು ಮಲಗಿಸಿದರು. ದಾರಿಯುದ್ದಕ್ಕೂ ಪೈಪು ಗಡಗಡ ಎಂದವು. ಮಹೇಶ್ವರಪ್ಪನವರು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ಬಿಡು, ಬಿಡು, ಇನ್ನೂ ಬಿಡು ಎನ್ನುತ್ತಿದ್ದರು. ಕೆರೆಯ ಹತ್ತಿರ ತುಂಗಮ್ಮನ ರೆಪ್ಪೆ ಒಮ್ಮೆ ಅಲುಗಿತು. ಮತ್ತೆ ಮುಚ್ಚಿಕೊಂಡಿತು.

ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕರುಣಾ ತುಂಗಮ್ಮನನ್ನು ಒಳಗೆ ಒಯ್ದು ಅಲ್ಲಿನ ಯಂತ್ರ, ಅಲ್ಲಿನ ಮಾಸ್ಕ್ ಹಾಕಿದರು. ಶರತ್ ನೇರವಾಗಿ ಅಲ್ಲಿಗೇ ಬಂದ. ಅವನ ಮುಖದ ತುಂಬ ಧೂಳು. ಅವನು ಯಾರಿಗೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಭೀಮಣ್ಣ ಆಮೇಲೆ ಹೇಳಿದರು.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಹೊರಗೆ ಬಂದರು. ತೀರ್ಥೇಶ ತಂದಿದ್ದ ಮಾಸ್ಕನ್ನು ತಿರುಗಿಸಿ ನೋಡಿದರು.

“ಇದನ್ನ ಮುಚ್ಚಿದ್ದು ಯಾರು?”

ಯಮುನಮ್ಮ ಫ್ಯಾನ್ ನೋಡಿದರು. ತೀರ್ಥೇಶ ಗೋಡೆ ನೋಡಿದ.

“ಲೀಕ್ ಐತಿ ಅಂದಿದ್ದು ನಾನು,” ಎಂದರು ಭೀಮಣ್ಣ.

“ಮುಚ್ಚಿದ್ದು ನಾನು,” ಎಂದರು ಮಹೇಶ್ವರಪ್ಪನವರು.

ಡಾಕ್ಟರ್ ಉಗುರಿನಿಂದ ಅಂಟನ್ನು ಕೆರೆದರು. ಒಂದು ಚೂರೂ ಬರಲಿಲ್ಲ. “ತುಂಬಾ ಗಟ್ಟಿಯಾಗಿ ಹಚ್ಚಿದೀರಿ,” ಎಂದರು.

ಬೇರೆ ದಿನವಾಗಿದ್ದರೆ ಈ ಮಾತಿಗೆ ಮಹೇಶ್ವರಪ್ಪನವರು ಅಂಗಡಿಯ ಹೆಸರು, ಅಂಟಿನ ಗುಣ ಎರಡನ್ನೂ ಹೇಳುತ್ತಿದ್ದರು.

“ಉಳೀತಾಳೇನ್ರೀ?” ಎಂದರು.

“ನೋಡೋಣ. ಒಳಗೆ ತುಂಬಿರೋದು ಹೊರಗೆ ಹೋಗ್ಬೇಕು. ಎಚ್ಚರ ಬಂದ್ರೆ ಇಲ್ಲೇ. ಬರ್ಲಿಲ್ಲ ಅಂದ್ರೆ ಗಂಟಲಿಗೆ ಕೊಳವೆ ಹಾಕಿ ಶಿವಮೊಗ್ಗಕ್ಕೆ ಕಳಿಸ್ತೀನಿ.”

ಕಾದರು. ಬೀದಿಯವರು ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲ ಏನಾಯಿತು ಎಂದು ಕೇಳಿದರು. ಮಹೇಶ್ವರಪ್ಪನವರು ಯಾರಿಗೂ ವಿವರಿಸಲಿಲ್ಲ. ಭೀಮಣ್ಣ ಟೀ ತಂದುಕೊಟ್ಟರು. ಅದು ಅವರ ಕೈಯಲ್ಲೇ ಆರಿತು.

ಹೊತ್ತು ಮುಳುಗುವ ಮೊದಲು ನರ್ಸ್ ಬಂದು ಮಹೇಶ್ವರಪ್ಪನವರನ್ನು ಒಳಗೆ ಕರೆದರು. ತುಂಗಮ್ಮ ಕಣ್ಣು ಬಿಟ್ಟಿದ್ದರು. ಆಮ್ಲಜನಕ ಅಳೆಯುವ ಕ್ಲಿಪ್ಪೊಂದು ಬೆರಳಿಗಿತ್ತು, ಅದರ ವೈರು ಆಚೆಯ ಮಾನಿಟರಿಗೆ ಹೋಗಿತ್ತು. ನೀರು ಕುಡಿಸಲು ಮಾಸ್ಕನ್ನು ಸ್ವಲ್ಪ ಹೊತ್ತು ಸರಿಸಿದ್ದರು. ಗಂಡನ ಮುಖವನ್ನೇ ನೋಡಿದರು. ಆ ಮೂಗಿನ ಮೇಲೂ ಕೆನ್ನೆಯ ಮೇಲೂ ಮಾಸ್ಕಿನ ಕೆಂಪು ಗುರುತು ಇನ್ನೂ ಹೋಗಿರಲಿಲ್ಲ.

“ನೀವೂ ಹಾಕ್ಕೊಂಡಿದ್ರೇನು?” ದನಿ ತೀರಾ ಸಣ್ಣದಾಗಿತ್ತು.

“ಹೂಂ.”

“ಎಷ್ಟು ಹೊತ್ತು?”

“ಸ್ವಲ್ಪ ಹೊತ್ತು. ತಡೆಯಾಕ ಆಗಲಿಲ್ಲ.” ಆಮೇಲೆ ಅವರು, “ನೀನು ಹೇಳಬೇಕಿತ್ತಲ್ಲ ತುಂಗಾ,” ಎಂದರು.

“ಹೇಳಿದೆ. ನೀವು ಮಷೀನ್ ನೋಡ್ತಿದ್ರಿ.”

ಮಹೇಶ್ವರಪ್ಪನವರು ಸ್ಟೂಲ್ ಎಳೆದು ಅವರ ಮುಖಕ್ಕೆ ಎದುರಾಗಿ ಕುಳಿತರು. ನರ್ಸ್ ಮಾಸ್ಕ್ ಮತ್ತೆ ಹಾಕಲು ಬಂದರು. ಅಷ್ಟರಲ್ಲಿ ಮಹೇಶ್ವರಪ್ಪನವರ ಬೆನ್ನ ಹಿಂದಿದ್ದ ಮಾನಿಟರ್ ಕೀ ಕೀ ಎಂದು ಕೂಗತೊಡಗಿತು. ಕೆಂಪು ದೀಪ ಮಿಣುಕಿ ಗೋಡೆಯ ಮೇಲೆಲ್ಲ ಬಿತ್ತು. ಬಾಗಿಲಲ್ಲಿದ್ದ ಯಮುನಮ್ಮ ಎದೆ ಹಿಡಿದುಕೊಂಡರು. ಭೀಮಣ್ಣ ಡಾಕ್ಟರನ್ನು ಕರೆಯಲು ತಿರುಗಿದರು.

ಮಹೇಶ್ವರಪ್ಪನವರು ಹಿಂದಕ್ಕೆ ನೋಡಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

“ಏನಾಗ್ತೈತಿ?” ಎಂದು ಕೇಳಿದರು.

“ಏನಿಲ್ಲ,” ಎಂದರು ತುಂಗಮ್ಮ. “ಬೆರಳಿಗೆ ಹಾಕಿದ್ದ ಕ್ಲಿಪ್ಪು ಬಿದ್ದೈತಿ. ನೀವು ಅದರ ವೈರಿನ ಮೇಲೆ ಕೂತೀರಿ. ಏಳ್ರಿ.”